ನಲವತ್ತೆಂಟರ ಫೋರ್ಡಿನ ಸದ್ದು

ಇಳಕಲ್
೨೦ ನವೆಂಬರ್ ೧೯೮೩

ಪ್ರೀತಿಯ ಗೆಳೆಯ ನಬಿಸಾಬನಿಗೆ ಅಂದಾನಪ್ಪನ ಶರಣು, ಸಲಾಂ ಎರಡೂ.

ನಿನ್ನ ಕಾಗದ ಬಂದು ಶ್ರಾವಣ ಹೋಯಿತು, ದೀಪಾವಳಿಯೂ ಹೋಯಿತು. ಉತ್ತರ ಬರೆಯಲಿಲ್ಲವೆಂದು ಬೈಯುವುದಿದ್ದರೆ ಬದಾಮಿಯಲ್ಲೇ ಕೂತು ಬೈ. ಎಂಜಿನ್ ಸಿಕ್ಕು, ಗಾಡಿ ಚಾಲೂ ಆಗುವವರೆಗೆ ನಿನಗೆ ಬರೆಯಬಾರದೆಂದು ಹಟ ಹಿಡಿದಿದ್ದೆ. ಸಿಕ್ಕಿತಪ್ಪಾ, ಸಿಕ್ಕಿತು!

ನಮ್ಮಪ್ಪನ ನಲವತ್ತೆಂಟರ ಫೋರ್ಡ್ ಗಾಡಿಯನ್ನು ನೀನು ಮರೆಯುವುದುಂಟೇ? ನೀನು ಸ್ಟೇರಿಂಗ್ ಹಿಡಿದು, ನಾನು ಪಕ್ಕದಲ್ಲಿ ಕೂತು, ಹಿಂದೆ ಯಾರದೋ ಮದುಮಕ್ಕಳು. ಅದರ ಎಂಟು ಸಿಲಿಂಡರಿನ ಎಂಜಿನ್ ಒಡೆದ ಮೇಲೆ ಡೀಸೆಲ್ ಎಂಜಿನ್ ಕೂಡಿಸಿದೆವು. ಅಂದಿನಿಂದ ಅದು ಹಿಟ್ಟಿನ ಗಿರಣಿಯೇ ಆಗಿತ್ತು ಬಿಡು. ಅದೇ ಕಾಲದ, ಅದೇ ಜಾತಿಯ ಎಂಜಿನ್ ಹಾಕಿಸಿ ಆ ಹಳೆಯ ಸದ್ದನ್ನು ಇನ್ನೊಮ್ಮೆ ಕೇಳಬೇಕು, ಬೇಗ ಕೇಳಬೇಕು. ಈ ವರ್ಷ ನನಗೆ ಬೇರೆ ಆಸೆಯೇ ಇರಲಿಲ್ಲ. ಮಧ್ಯಾಹ್ನ ಉಂಡು ಒರಗಿದರೆ ಸಾಕು, ನಾವಿಬ್ಬರೂ ಕುಳಗೇರಿ ಕ್ರಾಸ್ ದಾಟಿ ಹೊರಟಿರುತ್ತಿದ್ದೆವು. ಎರಡೂ ಬದಿ ಬಿಳಿಜೋಳ. ಗಾಡಿ ನೆಲಕ್ಕೆ ತಾಗದೆ ತೇಲುತ್ತಿತ್ತು. ಎಂಜಿನ್ನು ಮೇದು ಮಲಗಿದ ಎತ್ತಿನಂತೆ ಮೆತ್ತಗೆ ಉಸಿರಾಡುತ್ತಿತ್ತು. ಎಚ್ಚರಾದರೆ ಗುರುಲಿಂಗವ್ವ ಎದುರಿಗೆ ನಿಂತು, “ಕನಸಿನ್ಯಾಗೂ ಗೇರ್ ಹಾಕ್ತೀರಲ್ರಿ!” ಎಂದು ನಗುತ್ತಿದ್ದಳು. ಹೆಂಡತಿಗೆ ನಗು, ನನಗೆ ಪ್ರಾಣಸಂಕಟ.

ಅಂಥ ಎಂಜಿನ್ ಅಲ್ಲಿದೆಯೆಂದು ನೀನು ಬರೆದಿದ್ದೆಯಲ್ಲ, ಶ್ರಾವಣದಲ್ಲೇ ಮರೋಳಕ್ಕೆ ಹೋದೆ. ಅಲ್ಲಿ ಹುಲ್ಲಪ್ಪ ಎಂಬ ರೈತ, ಗುಜರಿಯಿಂದ ತಂದ ಫೋರ್ಡ್ ಎಂಜಿನ್ನಿಗೆ ಪಂಪು ಜೋಡಿಸಿ ಬೇಸಿಗೆಯಲ್ಲಿ ಹೊಳೆಯ ನೀರೆತ್ತುತ್ತಾನೆ. ಮಳೆಗಾಲವಾದ್ದರಿಂದ ಎಂಜಿನ್ ನಿಂತಿತ್ತು. ಯಾವ ವರ್ಷದ್ದೆಂದು ತಿಳಿಯಲು ನಂಬರು ನೋಡಬೇಕಲ್ಲ? ಪ್ರತಿ ಮಾನವಮಿಗೆ ಪೂಜೆ ಮಾಡಿ ಹಚ್ಚಿದ ಬೀರಪ್ಪ ದೇವರ ಭಂಡಾರದ ಅರಿಸಿನ ಜಿಡ್ಡಿನೊಡನೆ ಗಟ್ಟಿಯಾಗಿ, ನಂಬರು ಅದರೊಳಗೆ ಹೂತುಹೋಗಿತ್ತು. ನಾನೊಬ್ಬ ಬುದ್ಧಿಗೇಡಿ, ಚಾಕು ತೆಗೆದು ಕೆರೆಯಲು ಹೋದೆ. ಹುಲ್ಲಪ್ಪನ ಹೆಂಡತಿ ಹುಚ್ಚವ್ವ ಕೆಂಡವಾದಳು.

“ದೇವರ ಭಂಡಾರಕ್ಕ ಚಾಕು ಹಚ್ಚತೀರೇನ್ರಿ? ಕೈ ತಗೀರಿ ಮೊದಲ!”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ. “ತಪ್ಪಾತವ್ವಾ,” ಎಂದು ಕೈಮುಗಿದೆ. “ಇದರ ಬದಲಿ ನನ್ನ ಡೀಸೆಲ್ ಎಂಜಿನ್ ಕೊಡ್ತೇನಿ, ಇದಕ್ಕಿಂತ ಚಲೋ ನೀರ ಎತ್ತತೈತಿ. ನನಗ ಇದರ ಸದ್ದು ಬೇಕಾಗೇತಿ, ಅಷ್ಟ.”

ಆಕೆಯ ಸಿಟ್ಟು ಇಳಿಯಿತು. ಆಮೇಲೆ ಕೂಸಿಗೆ ಎರೆಯುವಂತೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ತನ್ನ ಕೈಯಾರೆ ತೊಳೆದಳು. ಹಳದಿ ನೀರನ್ನು ಯಾರೂ ತುಳಿಯಬಾರದೆಂದು ಹೊಲಕ್ಕೆ ಚೆಲ್ಲಿಸಿದಳು. ನಂಬರು ಕಂಡಿತು. ನಮ್ಮ ಗಾಡಿಯ ವರ್ಷದ್ದೇ!

ಚಕ್ಕಡಿಗೆ ಏರಿಸುವ ಮುನ್ನ ಎಂಜಿನ್ನಿಗೆ ಕುಬುಸದ ಕಣ ಹೊದಿಸಿ, ಅಕ್ಕಿ, ಕೊಬ್ಬರಿ, ಎಲೆಅಡಿಕೆ ಇಟ್ಟು ಉಡಿ ತುಂಬಿದಳು. “ನಮ್ಮ ಹೊಲಾ ಹಸರ ಮಾಡಿದ ಮಗಳ್ರಿ ಇಕಿ. ಬರೇ ಉಡೀಲೆ ಹೆಂಗ ಕಳಸೂದು?” ಎಂದಳು. ನನಗೆ ಅಳು ಬಂತು, ನಬಿ. ಅಲ್ಲೇ ಅತ್ತೆ.

ಮಿಸ್ತ್ರಿ ಅಬ್ದುಲಸಾಬ ಎಲ್ಲ ಬಿಚ್ಚಿ ಕೂಡಿಸಿ, ನಿನ್ನೆ ಗಾಡಿ ಚಾಲೂ ಮಾಡಿದ. ಓಣಿಯೇ ಬಂದು ನೆರೆಯಿತು. ಗುರುಲಿಂಗವ್ವ ಕಣ್ಣು ಮುಚ್ಚಿ ನಿಂತುಬಿಟ್ಟಳು. ಮದುವೆಯಾಗಿ ಬಂದದ್ದು ಇದೇ ಗಾಡಿಯಲ್ಲಲ್ಲವೇ? ನಾನು ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಿಂತಿದ್ದೆ. ಒಳಗೆ ಜೀವ ಓಡಾಡುತ್ತಿತ್ತು.

ತಂಗಿ ಅಮೀನಬಿಗೆ ನನ್ನ ನೆನಪು ಹೇಳು. ನಿನ್ನ ಮನೆ ತಣ್ಣಗಿರಲಿ, ನಿನ್ನ ರಟ್ಟೆಯ ಕಸುವು ಹಾಗೇ ಉಳಿಯಲಿ. ಬಿಡುವು ಮಾಡಿಕೊಂಡು ಬಾ, ಈ ಸಲವೂ ನೀನೇ ಓಡಿಸು.

ನಿನ್ನ
ಅಂದಾನಪ್ಪ

ತಾ.ಕ.: ನಿನಗೊಬ್ಬನಿಗೇ ಹೇಳುತ್ತೇನೆ. ಕಲ್ಲಿನ ಖಣಿಯಲ್ಲಿ ಮದ್ದು ಸಿಡಿಸಿ ಸಿಡಿಸಿ ನನ್ನ ಕಿವಿ ಮಂದವಾಗುತ್ತ ಬಂದಿತ್ತು. ಪೂರ್ತಿ ಹೋಗುತ್ತದೆಂದು ಬಾಗಲಕೋಟೆಯ ಡಾಕ್ಟರು ಮೊದಲೇ ಹೇಳಿದ್ದರು. ಅದಕ್ಕೇ ಅಷ್ಟು ಅವಸರ ಮಾಡಿದೆ. ಮರೋಳಕ್ಕೆ ಹೋದಾಗ ಜೋರಾಗಿ ಆಡಿದ ಮಾತು ಕೇಳುತ್ತಿತ್ತು. ದೀಪಾವಳಿಯ ಹೊತ್ತಿಗೆ ಅದೂ ನಿಂತಿತು. ಇನ್ನೂ ಮಂದವೆಂದಷ್ಟೇ ಮನೆಯಲ್ಲಿ ತಿಳಿದಿದ್ದಾರೆ. ನಿನ್ನೆ ಕೈಗೆ ಎಂಜಿನ್ನಿನ ಅದುರು ಬಂತು, ಕಿವಿಗೆ ಏನೂ ಬರಲಿಲ್ಲ. ಗುರುಲಿಂಗವ್ವ ಕಣ್ಣು ತೆರೆದು ನನ್ನತ್ತ ತಿರುಗಿ ಏನೋ ಕೇಳಿದಳು. ತುಟಿ ನೋಡಿ ತಿಳಿದುಕೊಂಡೆ: “ಅದ ಹಳೇ ಸದ್ದು ಹೌದಲ್ರಿ?” ಹೌದೆಂದು ತಲೆಯಾಡಿಸಿದೆ.