ಅಕ್ಕ ಇವತ್ತು ಜಗಳವಾಡಿದಳು

ಮಾರ್ಚ್ ೧೪, ಶನಿವಾರ. ಇಬಾದಾನ್.

ಅಮ್ಮನ ಪ್ರಶ್ನೆ ಬೆಳಿಗ್ಗೆಯಿಂದ ತಲೆ ಕೊರೆಯುತ್ತಿತ್ತು. ಖಿನ್ನತೆ ಇರುವ ಅನೇಕರ ರಕ್ತದಲ್ಲಿ ಆಕ್ಸಿಡೀಕರಣದ ಒತ್ತಡ ಹೆಚ್ಚಿರುತ್ತದೆ, ಕಬ್ಬಿಣ ತುಕ್ಕು ಹಿಡಿದ ಹಾಗೆ ಜೀವಕೋಶಗಳು ಸವೆಯುತ್ತವೆ, ಸೊಪ್ಪು ತರಕಾರಿಗಳಲ್ಲಿ ಅದನ್ನು ತಡೆಯುವ ಅಂಶವಿದೆ ಎಂದು ನನ್ನ ಪ್ರಯೋಗಾಲಯದ ಕೆಲಸವನ್ನು ನಿನ್ನೆ ಅವಳಿಗೆ ವಿವರಿಸಿದ್ದೆ.

"ಹಾಗಾದ್ರೆ ನಿನ್ನ ಅಕ್ಕಂಗೆ ಮಾತ್ರೆ ಯಾಕೆ? ಸೊಪ್ಪು, ಟೊಮೆಟೊ ತಿನ್ನಿಸಿದ್ರೆ ತುಕ್ಕು ಬಿಡಲ್ವಾ?" ಅಂದಿದ್ದಳು.

ತುಕ್ಕಿನಿಂದ ದುಃಖವೋ, ದುಃಖದಿಂದ ತುಕ್ಕೋ, ನಮಗೇ ಇನ್ನೂ ಗೊತ್ತಿಲ್ಲ. ಅದನ್ನೇ ಇವತ್ತು ಹೇಳಿದೆ. "ಸೊಪ್ಪೂ ಇರ್ಲಿ. ಮಾತ್ರೆ ಮಾತ್ರ ನಿಲ್ಲಿಸ್ಬೇಡಮ್ಮ."

ಮಧ್ಯಾಹ್ನ ಅಮ್ಮ ಸೊಪ್ಪಿನ ಸಾರು, ಗೆಡ್ಡೆ ಹಿಟ್ಟಿನ ಅಮಲಾ ಮುದ್ದೆ ಮಾಡಿದಳು. ಕಳೆದ ಮಳೆಗಾಲದಿಂದ ಹಾಸಿಗೆ ಹಿಡಿದಿದ್ದ ಅಕ್ಕ ಫೋಲಾಶಡೆ ತಾನಾಗಿ ಎದ್ದು ಅಡುಗೆಮನೆಗೆ ಬಂದಳು. ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು.

"ಇದೇನಮ್ಮ, ಖಾರಾನೇ ಇಲ್ಲ!"

"ನಿನ್ನ ಹೊಟ್ಟೆಗೆ ತಂಪಾಗ್ಲಿ ಅಂತ ಕಡಿಮೆ ಹಾಕ್ದೆ ಕಣೇ."

"ಕಾಯಿಲೆ ಬಂದಿರೋದು ಮನಸ್ಸಿಗೆ, ನಾಲಿಗೆಗಲ್ಲ!"

ಸೌಟು ಎತ್ತಿ ಬೈಯಲು ಹೋದ ಅಮ್ಮ ಹಾಗೇ ನಿಂತುಬಿಟ್ಟಳು. ಇಷ್ಟು ತಿಂಗಳು ಹ್ಞೂಂ, ಉಹ್ಞೂಂ ಬಿಟ್ಟು ಬೇರೆ ಮಾತಾಡದವಳು ಜಗಳಕ್ಕೆ ನಿಂತಿದ್ದಳು! ಮೂವರಿಗೂ ನಗು ತಡೆಯಲಾಗಲಿಲ್ಲ. ಅಮ್ಮ ಕಣ್ಣೊರೆಸಿಕೊಂಡು ಮೆಣಸಿನಕಾಯಿ ಅರೆಯಲು ಕುಳಿತಳು. ಅಕ್ಕ ಇನ್ನೊಂದು ಸಲ ಅಮಲಾ ಮುದ್ದೆ ಹಾಕಿಸಿಕೊಂಡಳು.

ನಾಳೆಯೂ ಹೀಗೇ ಇರುತ್ತಾಳೆ ಎಂದು ಹೇಳಲಾರೆ. ಆದರೆ ಎಷ್ಟೋ ದಿನಗಳ ಮೇಲೆ ಎದೆ ಹಗುರವಾಗಿದೆ. ಪಕ್ಕದ ಕೋಣೆಯಲ್ಲಿ ಅವಳಿನ್ನೂ ಅಮ್ಮನನ್ನು ರೇಗಿಸುತ್ತಿದ್ದಾಳೆ. ಈಗ ನನ್ನ ಹೆಸರೂ ಕೇಳಿಬಂತು, ನನ್ನ ಬಗ್ಗೆ ಏನೋ ಚಾಡಿ. ಹೋಗಿ ನೋಡುತ್ತೇನೆ, ಬರೆಯುವುದು ಆಮೇಲೆ.