ಡೋಲುಬಂಡೆಯ ಕೆಳಗೆ ಕಂಡವಳು

ಓಸತ್ಸು, ಜೂನ್ ೧೧

ಮುದ್ದು ಕಾಯೊ,

ನಿನ್ನ ಕಾಗದ, ನೀನು ಬರೆದ ಹೊಸ ಪುಸ್ತಕ ಎರಡೂ ತಲುಪಿದವು. ನಿಧಿ ಹುಡುಕುವ ಆ ಹುಡುಗಿಗೆ ಅಷ್ಟು ಗಿಡ್ಡ ಲಂಗ ತೊಡಿಸಿ ಸಮುದ್ರಕ್ಕೆ ಇಳಿಸಿದವರು ಯಾರೇ? ಚಿಪ್ಪಿಗಾಗಿ ಸಮುದ್ರದಲ್ಲಿ ಮುಳುಗುವ ನಾವು ಹೆಂಗಸರೆಲ್ಲ ಬೆಂಕಿ ಕಾಯಿಸುವ ಗುಡಿಸಲಿನಲ್ಲಿ ತೋರಿಸಿದೆ. "ಹಿಂಗೆ ಇಳಿದ್ರೆ ನಿಧಿ ಸಿಗೋದಿರ್ಲಿ, ನೆಗಡಿ ಸಿಗುತ್ತೆ" ಅಂದಳು ಹಮಾಎ. ಹಾಗೆಂದವಳೇ ಮೂರು ದಿನ ಪುಸ್ತಕ ವಾಪಸು ಕೊಡಲಿಲ್ಲ.

ಮುಂದಿನದೇ ಕೊನೆಯ ಭಾಗ ಎಂದು ಬರೆದಿದ್ದೀಯ. ದೋಣಿಯಲ್ಲಿ ಹಗ್ಗ ಹಿಡಿದವನು ನಿಧಿಯ ಆಸೆಗೆ ಕೈಬಿಡುತ್ತಾನೆ, ಹುಡುಗಿ ತಳದಲ್ಲೇ ಉಳಿಯುತ್ತಾಳೆ, ಓದುವವರು ಬೆಚ್ಚಿಬೀಳಬೇಕು ಎನ್ನುವುದು ನಿನ್ನ ಸಂಪಾದಕರ ಆಸೆ. ಅದಕ್ಕೇ ಕೇಳಿದ್ದೀಯ, ತಳದಲ್ಲಿ ಅವಳಿಗೆ ಎದುರಾಗುವ ತೊಮೊಕಾಜುಕಿ ನೋಡಲು ಹೇಗಿರುತ್ತದೆ ಅಂತ.

ನೀನು ಚಿಕ್ಕವಳಿದ್ದಾಗ ಕೇಳಿದರೆ, ನಾನು ಕಂಡಿಲ್ಲ ಎನ್ನುತ್ತಿದ್ದೆ. ಕಂಡಿದ್ದೇನೆ. ಆ ನೀರದೆವ್ವವನ್ನು ಕಂಡವಳನ್ನು ಇಲ್ಲಿ ಯಾರೂ ಮತ್ತೆ ಸಮುದ್ರಕ್ಕೆ ಇಳಿಯಗೊಡುವುದಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡೆ.

ನೀನು ಹುಟ್ಟುವ ವರ್ಷ. ಡೋಲುಬಂಡೆಯ ಕೆಳಗೆ ಹಳೆಯ ಹಡಗಿನ ತಾಮ್ರದ ಪೆಟ್ಟಿಗೆ ಇದೆಯೆಂದು ಎಲ್ಲರೂ ಹೇಳುತ್ತಿದ್ದರು, ಯಾರೂ ಹೋಗುತ್ತಿರಲಿಲ್ಲ. ಒಳಗೇನಿದೆ ಎಂದು ನೋಡುವ ಹುಚ್ಚು ನನಗೆ. ಮೋಡ ಕವಿದ ದಿನ ಬೇಡ ಎಂದು ದೋಣಿಯಲ್ಲಿ ನನ್ನ ಹಗ್ಗ ಹಿಡಿಯುವ ನಿನ್ನಪ್ಪ ಹೇಳಿದರೂ ಕೇಳದೆ ಇಳಿದೆ. ಪೆಟ್ಟಿಗೆ ಇತ್ತು ಕಾಯೊ. ಪಾಚಿ ಕೆರೆದು ಮುಚ್ಚಳಕ್ಕೆ ಕೈ ಹಾಕಿದರೆ, ಆಚೆ ಬದಿಯಲ್ಲಿ ಇನ್ನೊಂದು ಕೈ. ತಲೆಯೆತ್ತಿದೆ. ನಾನೇ ಕೂತಿದ್ದೆ. ಅದೇ ಬಿಳಿ ತಲೆವಸ್ತ್ರ, ಅದೇ ಮುಖ. ಕ್ಷೇಮವಾಗಿ ಮರಳಲೆಂದು ನಾವು ನೇರಳೆ ದಾರದಲ್ಲಿ ಹೊಲಿಯುವ ನಕ್ಷತ್ರ ಮಾತ್ರ ಅವಳ ವಸ್ತ್ರದಲ್ಲಿರಲಿಲ್ಲ. ನಾವು ಮುಳುಗಿ ಹೆಕ್ಕುವ ಅವಾಬಿ ಚಿಪ್ಪುಗಳಲ್ಲಿ ದೊಡ್ಡದೊಂದನ್ನು ನನ್ನತ್ತ ಚಾಚಿ ನಕ್ಕಳು.

ಭಯವಾಗಲಿಲ್ಲ. ಬರೆಯುವುದಾದರೆ ಇದನ್ನು ಬರೆ: ಅವಳು ಬಹಳ ಪ್ರೀತಿಯಿಂದ ಕರೆಯುತ್ತಾಳೆ. ಕರೆಯುವುದು ನಿನ್ನದೇ ಮುಖ, ನಂಬದೆ ಇರುವುದು ಹೇಗೆ? ಉಸಿರು ಮುಗಿಯುತ್ತಿತ್ತು. ಆದರೂ ಕೈ ಚಾಚಿದೆ.

ಆಗ ಸೊಂಟದ ಹಗ್ಗ ಜಗ್ಗಿತು. ಎಳೆಯಲು ನಾನು ಸನ್ನೆ ಕೊಟ್ಟಿರಲಿಲ್ಲ.

ಮೇಲೆ ಬಂದವಳೇ ನಿನ್ನಪ್ಪನ ಮೇಲೆ ಹರಿಹಾಯ್ದೆ. "ಎಳೀರಿ ಅಂತ ಯಾರು ಹೇಳಿದ್ರು ನಿಮ್ಗೆ? ಕೈಗೆ ಬಂದಿತ್ತಲ್ರೀ!"

ಅವರ ಅಂಗೈ ಸುಲಿದು ರಕ್ತ ಒಸರುತ್ತಿತ್ತು. "ಹಗ್ಗ ಇದ್ದಕ್ಕಿದ್ದಂಗೆ ಭಾರ ಆಯ್ತು ಕಣೇ. ಇಬ್ಬರನ್ನ ಎಳೆದಂಗಿತ್ತು" ಎಂದು ನೀರನ್ನೇ ನೋಡುತ್ತಿದ್ದರು, ಇನ್ನೊಬ್ಬಳು ಏಳುತ್ತಾಳೇನೋ ಎನ್ನುವಂತೆ.

ಮೂರು ತಿಂಗಳಾಗಿತ್ತು ನನಗೆ. ಯಾರಿಗೂ ಹೇಳಿರಲಿಲ್ಲ. "ಇಬ್ಬರೇ ಇದ್ವಿ ರೀ" ಅಂದೆ. ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಾಯಲ್ಲಿದ್ದ ಸಿಗರೇಟು ಬಿದ್ದು ಪ್ಯಾಂಟು ತೂತಾಯಿತು. ಅಲೆಗೆ ಮಗು ಅಲುಗಾಡುತ್ತದೆಂದು ಆಮೆಯ ಹಾಗೆ ದೋಣಿ ನಡೆಸಿ, ಊಟದ ಹೊತ್ತು ದಾಟಿಸಿ ಮನೆ ಮುಟ್ಟಿಸಿದರು. ಪೆಟ್ಟಿಗೆಯ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಪುಸ್ತಕ ನಿನ್ನದು, ನಿನಗೆ ತೋಚಿದಂತೆ ಬರೆ. ಹಗ್ಗದವನನ್ನು ಪೆದ್ದನನ್ನಾಗಿ ಮಾಡು, ಗೊರಕೆ ಹೊಡೆಸು, ಬೇಕಾದರೆ ಜಿಪುಣನೂ ಆಗಲಿ. ಕೈ ಮಾತ್ರ ಬಿಡಿಸಬೇಡ. ಅಮ್ಮನ ಮಾತು ಇದೊಂದು ನಡೆಸಿಕೊಡು. ಹೊತ್ತಿಗೆ ಸರಿಯಾಗಿ ಊಟ ಮಾಡು, ಬರೀ ಕಪ್ ನೂಡಲ್ಸ್ ಬೇಡ.

ನಿನ್ನ ಅಮ್ಮ,
ಶಿಗೆನೊ

ಮರೆತ ಮಾತು: ಹೋದ ವರ್ಷವೇ ಮುಳುಗುವುದು ಬಿಟ್ಟೆ ಎಂದು ನಿನಗೆ ಹೇಳಿದ್ದು ಸುಳ್ಳು. ಬೈಯಬೇಡ. ನಿನ್ನ ಕಾಗದ ಓದಿದ ಮೇಲೆ ತಡೆಯಲಾಗದೆ ಬುಧವಾರ ಅಲ್ಲಿಗೇ ಇಳಿದೆ. ಅವಳಿದ್ದಳು. ಕೂದಲು ಬೆಳ್ಳಗಾಗಿದೆ, ಕೆನ್ನೆ ಇಳಿದಿದೆ, ನನ್ನಷ್ಟೇ ಮುದುಕಿ. ಈ ಸಲ ಏನನ್ನೂ ಚಾಚಲಿಲ್ಲ. ಇದನ್ನೆಲ್ಲ ಬಿಟ್ಟು ಹೋದೆಯಲ್ಲ, ನಿನಗೇನು ಸಿಕ್ಕಿತು ಎಂದು ಕೇಳುವಂತೆ ನೋಡಿದಳು. ನೀರಿನೊಳಗೆ ಮಾತಾಡುವುದು ಹೇಗೆ? ನನ್ನ ತಲೆಗಿಂತ ಒಂದು ಗೇಣು ಮೇಲಕ್ಕೆ ಕೈಯೆತ್ತಿ, ನಿನ್ನ ಎತ್ತರ ತೋರಿಸಿದೆ.