ತಲುಪುವ ಮೊದಲೇ ಒತ್ತಿದ್ದು

ಹದಿನಾಲ್ಕು, ಮಂಗಳವಾರ.

ಗೇಟು ಕಾಯುವ ಅಜ್ಜನ ಮುಖ ಕಣ್ಣಿಂದ ಹೋಗುತ್ತಿಲ್ಲ. ತಡವಾಯಿತೆಂದು ಬೈಸಿಕೊಳ್ಳಬಾರದಲ್ಲ, ಗೋದಾಮಿಗೆ ಇನ್ನೂ ಒಂದು ಗಂಟೆಯ ದಾರಿ ಇರುವಾಗಲೇ ಮೊಬೈಲಿನ ಆ್ಯಪ್‌ನಲ್ಲಿ ‘ಲಾರಿ ತಲುಪಿದೆ’ ಎಂದು ಒತ್ತಿಬಿಟ್ಟಿದ್ದೆ. ಗೇಟಿನ ಹೊರಗೆ ಲಾರಿ ನಿಲ್ಲಿಸಿದಾಗ ಒಳಗಿಂದ ಮ್ಯಾನೇಜರ ಕೂಗಾಟ ಕೇಳಿಸಿತು.

“ಲಾರಿ ಬಂದು ಒಂದು ಗಂಟೆ ಆಯ್ತು! ನಿದ್ದೆ ಹೊಡೀತಿದ್ರಾ?”

“ಯಾವ ಲಾರೀನೂ ಬಂದಿಲ್ಲ ಸಾರ್,” ಎನ್ನುತ್ತಲೇ ಅಜ್ಜ ಗೇಟು ತೆಗೆದರು. ಎದುರಿಗೇ ನನ್ನ ಲಾರಿ ನಿಂತಿತ್ತು.

ನಾನು ಲಾರಿಯನ್ನು ಒಳಗೆ ತಂದು ನಿಲ್ಲಿಸಿದೆ.

ಮ್ಯಾನೇಜರು ಒಳಹೋದ ಮೇಲೆ ಅಜ್ಜ ನನ್ನ ಕಿಟಕಿಯ ಬಳಿ ಬಂದರು. “ಬಿಸಿಲಲ್ಲಿ ಕಾಯಿಸ್ಬಿಟ್ಟೆ ಕಣಪ್ಪಾ. ಕಣ್ಣು ಹತ್ತಿರ್ಬೇಕು, ನಂಗೇ ಗೊತ್ತಾಗಿಲ್ಲ. ವಯಸ್ಸಾಯ್ತು ನೋಡು.”

“ಪರವಾಗಿಲ್ಲ ಬಿಡಿ ಅಜ್ಜ” ಎಂದೆ.

ಅವರನ್ನು ಕ್ಷಮಿಸಿಬಿಟ್ಟೆ. ನಾನು!

ನಾಳೆ ಬೆಳಿಗ್ಗೆ ಮ್ಯಾನೇಜರಿಗೆ ಫೋನ್ ಮಾಡಿ, ತಲುಪುವ ಮೊದಲೇ ಒತ್ತಿದ್ದು ನಾನೇ, ಅಜ್ಜ ನಿದ್ದೆ ಹೋಗಿರಲಿಲ್ಲ ಎಂದು ಹೇಳಬೇಕು.